ಎಲ್ಲಿ ಕಚ್ಚಿತು? ದರಕಿನಡಿಯ ಸಣ್ಣ ಹಾವಿನ ಒಂದು ಪ್ರಕರಣ

ಘಟ್ಟದ ಮೇಲಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರ್ ಆಗಿದ್ದಾಗ ನಡೆದದ್ದು ಇದು. ರೋಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ವರ್ಷ, ಹೆಸರು ಹೇಳುವುದಿಲ್ಲ. ಗುರುತು ಹತ್ತದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ತಪ್ಪು ನನ್ನದು, ಅದನ್ನು ಬದಲಿಸಿಲ್ಲ.

ಬೆಟ್ಟ, ದರಕು, ಕೊಟ್ಟಿಗೆ

ಅಡಿಕೆ ಸೀಮೆಯ ಹೊರಗಿನವರಿಗೆ ಮೊದಲು ಸೊಪ್ಪಿನಬೆಟ್ಟದ ವಿಷಯ ಹೇಳಬೇಕು. ಉತ್ತರ ಕನ್ನಡದಲ್ಲಿ ಅಡಿಕೆ ತೋಟದ ಜೊತೆಗೆ ಒಂದಿಷ್ಟು ಕಾಡಿನಿಂದ ಸೊಪ್ಪು ತರುವ ಹಕ್ಕೂ ಬರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಲೆಕ್ಕದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಮಳೆಗಾಲಕ್ಕೆ ಹಸಿ ಸೊಪ್ಪು, ಬೇಸಿಗೆಗೆ ಒಣಗಿ ಬಿದ್ದ ಎಲೆ. ಆ ಒಣ ಎಲೆಗೇ ದರಕು ಅನ್ನುತ್ತಾರೆ. ಗುಡಿಸಿ, ಕಲ್ಲಿ ಅನ್ನುವ ಹಗ್ಗದ ಬಲೆಯಲ್ಲಿ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನ ತುಳಿದು, ಸಗಣಿ ಗಂಜಲ ಸೇರಿ, ಅದು ಗೊಬ್ಬರಗುಂಡಿಗೆ ಹೋಗುತ್ತದೆ. ಅಲ್ಲಿಂದ ಮರದ ಬುಡಕ್ಕೆ.

ಈ ದರಕು ಒಂದು ಹಾವಿನ ಮನೆಯೂ ಹೌದು. ಉಬ್ಬು ಮೂಗಿನ ಗುಳಿಮಂಡಲ ಅಂತ ಕರೆಯೋಣ. ಜಗತ್ತಿನಲ್ಲಿ ಇದು ಇರುವುದು ಎರಡೇ ಕಡೆ, ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ. ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್ ಉದ್ದ, ಅಂದರೆ ಒಂದಡಿಯ ಅಳತೆಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮೈ ಕಂದು, ಮೇಲೆ ಗಾಢ ಮಚ್ಚೆಗಳು, ಥೇಟು ಒಣ ಎಲೆಯ ಬಣ್ಣ. ಮೂಗಿನ ತುದಿ ಮೇಲಕ್ಕೆ ತಿರುಗಿದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ ಇದೆ. ಇಲಿಯಂಥ ಬಿಸಿರಕ್ತದ ಪ್ರಾಣಿ ಹತ್ತಿರ ಬಂದರೆ ಅದರ ಮೈಶಾಖ ಕತ್ತಲಲ್ಲೂ ಈ ಗುಳಿಗೆ ತಿಳಿಯುತ್ತದೆ. ಕಪ್ಪೆ, ಹಲ್ಲಿ, ಅರಣೆಗಳೂ ಆಹಾರವೇ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿಗಳ ಬಾಲದ ತುದಿ ಬಿಳಿಯೋ ಹಳದಿಯೋ ಇರುತ್ತದೆ. ಮರಿ ಮಿಸುಕದೆ ಕೂತು ಬಾಲವನ್ನಷ್ಟೇ ಹುಳುವಿನ ಹಾಗೆ ಕುಣಿಸುತ್ತದೆ. ಹುಳು ಅಂದುಕೊಂಡು ಬಂದ ಕಪ್ಪೆಮರಿ ಅದರ ಊಟ.

ಓಡಿ ತಪ್ಪಿಸಿಕೊಳ್ಳುವ ಹಾವಲ್ಲ ಇದು. ರಾತ್ರಿ ಬೇಟೆ, ಹಗಲು ಎಲೆ ಕೆಳಗೆ ಸುರುಳಿ. ಸಪ್ಪಳ ಆದರೂ ಕದಲುವುದಿಲ್ಲ. ನಮಗೆ ತೊಂದರೆ ಆಗುವುದು ಈ ಗುಣದಿಂದಲೇ.

ಆ ದಿನ

ಜನವರಿ ತಿಂಗಳು. ನಡುವಯಸ್ಸಿನ ಹೆಂಗಸು, ಕೂಲಿ ಕೆಲಸ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಗುಡಿಸಿದ ದರಕನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಒತ್ತಿಕೊಂಡು ಕಲ್ಲಿಗೆ ಹಾಕುತ್ತಿದ್ದಾಗ ಬಲಗೈ ಉಂಗುರ ಬೆರಳಿಗೆ ಚುರ್ ಅಂದಿದೆ. ಮುಳ್ಳು ಅಂದುಕೊಂಡರಂತೆ. ಇನ್ನೊಂದು ಬಾಚು ಹಾಕಿದ ಮೇಲೆ ಕಲ್ಲಿಯಿಂದ ಹಾವು ಕೆಳಗೆ ಬಿತ್ತು. ಗಂಡ ಕೋಲಿನಲ್ಲಿ ಹೊಡೆದ.

ಆಮೇಲೆ ಎರಡು ಗಂಟೆ ಹಾಗೇ ಹೋಯಿತು. "ಇಷ್ಟು ಸಣ್ಣ ಹಾವು, ಏನಾಗ್ತದೆ" ಅಂತ ಸೊಪ್ಪಿನ ರಸ ಹಚ್ಚಿ ಕೂತರು. ಬೆರಳು ಬದನೆಕಾಯಿ ಹಾಗೆ ಉಬ್ಬಿ, ಊತ ಮಣಿಕಟ್ಟು ದಾಟಿದ ಮೇಲೆ ಗಾಡಿ ಹುಡುಕಿದ್ದು. ನಮ್ಮಲ್ಲಿಗೆ ಬಂದಾಗ ಮಧ್ಯಾಹ್ನ ಒಂದೂಕಾಲು.

ನಾನು ಕೇಳಿದ ಮೊದಲ ಪ್ರಶ್ನೆ: "ಎಲ್ಲಿ ಕಚ್ಚಿತು?"

ಆಕೆ ಬೆರಳು ತೋರಿಸಿದರು. ನಾನು ಕೇಸ್ ಶೀಟಿನಲ್ಲಿ "ಬಲಗೈ, ಉಂಗುರ ಬೆರಳು" ಅಂತ ಬರೆದು ಮುಂದಕ್ಕೆ ಹೋದೆ.

ಹಾವು ಕಡಿದವರಿಗೆ ಮೊದಲು ಮಾಡುವುದು ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ. ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಏರಿದೆ. ಒಂದು ಸೂಕ್ಷ್ಮ ಇದೆ. ಟ್ಯೂಬನ್ನು ಸೋಪಿನಲ್ಲಿ ತೊಳೆದಿದ್ದರೆ, ಅಥವಾ ಪ್ಲಾಸ್ಟಿಕ್ ಟ್ಯೂಬ್ ಆಗಿದ್ದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಅದಕ್ಕೇ ಸಿಸ್ಟರ್ ಪಕ್ಕದಲ್ಲಿ ಇನ್ನೊಂದು ಟ್ಯೂಬ್ ಇಟ್ಟರು, ಗಂಡನ ರಕ್ತ ಹಾಕಿ. ಇಪ್ಪತ್ತು ನಿಮಿಷದ ಮೇಲೆ ಗಂಡನ ಟ್ಯೂಬನ್ನು ತಲೆಕೆಳಗು ಮಾಡಿದರೂ ರಕ್ತ ಗಟ್ಟಿಯಾಗಿ ತಳದಲ್ಲೇ ಕೂತಿತ್ತು. ಹೆಂಡತಿಯದು ಕಾಫಿ ಡಿಕಾಕ್ಷನ್ ಹಾಗೆ ಒಂದು ಬದಿಗೆ ಹರಿಯಿತು.

ಮೊದಲ ತೀರ್ಮಾನ, ಎರಡನೇ ತೀರ್ಮಾನ

ಗಂಡ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಮಣ್ಣಲ್ಲಿ ಜಜ್ಜಿಹೋದ ಕಂದು ಹಾವು, ಮೈ ಮೇಲೆ ಮಚ್ಚೆ. "ಕೊಳಕುಮಂಡಲದ ಮರಿ" ಅಂದ. ನಾನು ನೋಡಿ ಗರಗಸ ಮಂಡಲ ಅಂದೆ.

ನನಗೆ ಹಾಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ನಾನು ಬಯಲುಸೀಮೆಯವನು, ಓದಿದ್ದೂ ಅಲ್ಲೇ. ಅಲ್ಲಿ ಸಣ್ಣ, ಕಂದು, ರಕ್ತ ಕೆಡಿಸುವ ಹಾವು ಅಂದರೆ ಗರಗಸ ಮಂಡಲವೇ. ಹೊಲದ ಬದು, ಕಲ್ಲಿನ ರಾಶಿ, ಕುರುಚಲು ಬೆಳೆದ ಒಣ ನೆಲದಲ್ಲಿ ಇರುವಂಥದ್ದು. ಅದು ಕಚ್ಚಿದವರಿಗೆ ಪ್ರತಿವಿಷ ಕೊಟ್ಟು, ಕೆಲವೇ ತಾಸಿನಲ್ಲಿ ರಕ್ತ ಸರಿಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಅದೇ ನೆನಪು ಇಲ್ಲೂ ಕೆಲಸ ಮಾಡಿತು.

ಹತ್ತು ವಯಲ್ ಪ್ರತಿವಿಷ ಒಂದು ತಾಸಿನಲ್ಲಿ ಹೋಯಿತು. ಇದು ತಪ್ಪು ಅಂತ ಈಗಲೂ ನಾನು ಹೇಳುವುದಿಲ್ಲ. ಹಾವು ಯಾವುದು ಅಂತ ಖಾತ್ರಿ ಇಲ್ಲದೆ, ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದಾಗ ಪ್ರತಿವಿಷ ಕೊಡಲೇಬೇಕು. ಕೊಳಕುಮಂಡಲವೇ ಆಗಿದ್ದರೆ ತಡ ಮಾಡಿದ ಒಂದೊಂದು ಗಂಟೆಯೂ ಜೀವಕ್ಕೆ ಅಪಾಯ.

ತಪ್ಪಿದ್ದು ಆಮೇಲೆ. ಆರು ತಾಸು ಬಿಟ್ಟು ರಾತ್ರಿ ಒಂಬತ್ತರ ಸುಮಾರಿಗೆ ಮತ್ತೆ ಟ್ಯೂಬ್ ಇಟ್ಟೆವು. ಮತ್ತೆ ಹರಿಯಿತು. ಪುಸ್ತಕದಲ್ಲಿ ಇರುವ ಹಾಗೆ ಇನ್ನೂ ಹತ್ತು ವಯಲ್ ಶುರು ಮಾಡಿದೆ. ಅರ್ಧ ಹೋಗುವಷ್ಟರಲ್ಲಿ ಆಕೆಗೆ ಚಳಿ ನಡುಕ ಬಂತು, ಮೈ ತುಂಬ ದದ್ದು ಎದ್ದಿತು. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವರ ದೇಹ ಅದನ್ನು ಸಹಿಸುವುದಿಲ್ಲ. ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಕೊಟ್ಟು, ಸುಧಾರಿಸಿದ ಮೇಲೆ ಉಳಿದದ್ದನ್ನು ನಿಧಾನಕ್ಕೆ ಬಿಟ್ಟೆವು.

ಎರಡನೇ ಸಲ ಕೊಡುವ ಮುಂಚೆ ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ಗರಗಸ ಮಂಡಲ ಆಗಿದ್ದರೆ ಇಷ್ಟೊತ್ತಿಗೆ ಸ್ವಲ್ಪವಾದರೂ ಬದಲಾವಣೆ ಕಾಣಬೇಕಿತ್ತು, ಅಲ್ವಾ? ಆ ಪ್ರಶ್ನೆ ನನಗೆ ಬರಲೇ ಇಲ್ಲ. ಹಾಳೆಯ ಮೇಲೆ ಹಾವಿನ ಹೆಸರು ಬರೆದಾಗಿತ್ತು, ನೋಡಿ. ಒಮ್ಮೆ ಬರೆದ ಹೆಸರನ್ನು ಮತ್ತೆ ಅನುಮಾನಿಸುವುದು ಬಹಳ ಕಷ್ಟ.

ಬೆಳಗಿನ ಜಾವ ಮೂರೂವರೆ

ಮೂರನೇ ಸಲವೂ ಟ್ಯೂಬ್ ಹರಿಯಿತು. ಇಟ್ಟಿದ್ದ ಪ್ರತಿವಿಷದಲ್ಲಿ ಉಳಿದದ್ದು ನಾಲ್ಕೇ ವಯಲ್. ಪಕ್ಕದ ತಾಲ್ಲೂಕಿನಿಂದ ಇನ್ನಷ್ಟು ತರಿಸಲು ಫೋನ್ ಕೈಗೆತ್ತಿಕೊಂಡಿದ್ದೆ.

ರಾತ್ರಿ ಪಾಳಿಯ ಸಿಸ್ಟರ್ ಅಡಿಕೆ ತೋಟದ ಮನೆಯವರು. ಆಕೆ ರೋಗಿಯ ಹತ್ತಿರ ಮಾತಾಡುತ್ತಾ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದರು. "ಎಲ್ಲಿ ಕಚ್ಚಿದ್ದು ಅಕ್ಕಾ? ತೋಟದಲ್ಲೋ, ಗದ್ದೆ ಹತ್ರವೋ?"

"ಬೆಟ್ಟದಲ್ಲಿ. ದರಕಿನ ಒಳಗಿತ್ತು."

ಸಿಸ್ಟರ್ ನನ್ನ ಟೇಬಲ್ ಹತ್ತಿರ ಬಂದರು. "ಸರ್, ದರಕಿನೊಳಗೆ ಹೀಗೆ ಸುತ್ತಿಕೊಂಡು ಇರೋದು ಬೇರೆ ಹಾವು. ಆ ಫೋಟೋದಲ್ಲಿ ತಲೆ ಕಾಣ್ತಾ ಇಲ್ಲ."

ಆಗ ಗೊತ್ತಾದದ್ದು, ಹಾವು ಆಸ್ಪತ್ರೆಯಲ್ಲೇ ಇದೆ ಅಂತ. ಗಂಡ ಅದನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಟ್ಟೆ ಚೀಲದೊಳಗೆ ಇಟ್ಟುಕೊಂಡು ಬಂದಿದ್ದ. ಮಧ್ಯಾಹ್ನದಿಂದ ಅದು ವಾರ್ಡಿನ ಬೆಂಚಿನ ಕೆಳಗೇ ಇತ್ತು. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಇಲ್ಲಿ ಒಂದು ಮಾತು. ಹಾವನ್ನು ಕೊಂದು ತನ್ನಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹಿಡಿಯಲು ಹೋಗಿ ಎರಡನೆಯವನೂ ಕಚ್ಚಿಸಿಕೊಂಡ ಕಥೆಗಳಿವೆ. ದೂರದಿಂದ ತೆಗೆದ ಒಂದು ಫೋಟೋ ಸಾಕು, ತಲೆ ಕಾಣುವ ಹಾಗಿದ್ದರೆ. ಆದರೆ ಬಂದದ್ದನ್ನು ನೋಡದೆ ಇಡುವುದು ದಡ್ಡತನ.

ಟ್ರೇ ಮೇಲೆ ಹತ್ತಿ ಹಾಸಿ, ಫೋರ್ಸೆಪ್ಸಿನಲ್ಲಿ ತಲೆ ಹಿಡಿದು ಟಾರ್ಚ್ ಹಾಕಿದೆವು. ಸತ್ತ ಹಾವಿನ ಹಲ್ಲಿನಲ್ಲೂ ವಿಷ ಇರುತ್ತದೆ, ಕೈ ಹಾಕಬಾರದು. ತಲೆ ತ್ರಿಕೋನ. ಗರಗಸ ಮಂಡಲದ ತಲೆ ತುಂಬ ಮರಳಿನಂಥ ಚಿಕ್ಕ ಚಿಕ್ಕ ಹುರುಪೆ ಇರುತ್ತವೆ. ಇದರ ನೆತ್ತಿ ಮೇಲೆ ಹೆಂಚು ಹೊದಿಸಿದ ಹಾಗೆ ದೊಡ್ಡ ದೊಡ್ಡ ಹುರುಪೆ. ಮೂಗಿನ ಮೇಲೆ ಮಾತ್ರ ಸಣ್ಣವು, ತುದಿ ಸಣ್ಣ ಗುಬ್ಬಿಯ ಹಾಗೆ ಮೇಲೆದ್ದಿತ್ತು. ಕಣ್ಣಿನ ಮುಂದೆ ಗುಂಡುಸೂಜಿಯ ತಲೆಯಷ್ಟು ಗುಳಿ. ಗರಗಸ ಮಂಡಲಕ್ಕಾಗಲಿ ಕೊಳಕುಮಂಡಲಕ್ಕಾಗಲಿ ಆ ಗುಳಿ ಇರುವುದಿಲ್ಲ.

ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಉಬ್ಬು ಮೂಗಿನ ಗುಳಿಮಂಡಲ ಆ ಪಟ್ಟಿಯಲ್ಲಿ ಇಲ್ಲ. ಈ ಹಾವಿಗೆ ಮೆರ್ರೆಮ್ ಎಂಬ ಜರ್ಮನ್ ವಿಜ್ಞಾನಿ ಹೆಸರಿಟ್ಟದ್ದು 1820ರಲ್ಲಿ. ಇದು ಭಾರತದಲ್ಲಿ ಮನುಷ್ಯರ ಜೀವಕ್ಕೆ ಕುತ್ತು ತರಬಲ್ಲದು ಅಂತ ಕೇರಳದ ವೈದ್ಯರು ಖಚಿತವಾಗಿ ದಾಖಲಿಸಿದ್ದು 2007ರಲ್ಲಿ. ಅಲ್ಲೂ ಕೆಲವು ಪ್ರಕರಣಗಳನ್ನು ಮೊದಲು ಗರಗಸ ಮಂಡಲ ಅಂತಲೇ ತಿಳಿದಿದ್ದರು, ಪ್ರತಿವಿಷ ಕೊಟ್ಟರೂ ಫಲ ಸಿಕ್ಕಿರಲಿಲ್ಲ. ಶ್ರೀಲಂಕಾದಲ್ಲಿ ವಿಷದ ಹಾವುಗಳ ಪೈಕಿ ಅತಿ ಹೆಚ್ಚು ಜನರನ್ನು ಕಚ್ಚುವುದು ಈ ಗುಂಪಿನ ಹಾವುಗಳೇ. ಹೆಚ್ಚಿನವರಿಗೆ ನೋವು, ಊತ, ಗುಳ್ಳೆ ಅಷ್ಟಕ್ಕೇ ಮುಗಿಯುತ್ತದೆ. ಕೆಲವರಿಗೆ ಮಾತ್ರ ರಕ್ತ ಕೆಡುತ್ತದೆ, ಕಿಡ್ನಿ ಕೈಕೊಡುತ್ತದೆ.

ಫೋನ್ ಕೆಳಗಿಟ್ಟೆ. ಮೂರನೇ ಸಲ ಪ್ರತಿವಿಷ ಬೇಡ ಅಂತ ತೀರ್ಮಾನಿಸಿದೆ.

ಕೊಡುವುದಕ್ಕಿಂತ ನಿಲ್ಲಿಸುವುದು ಕಷ್ಟ. ಗಂಡ ಬಾಗಿಲ ಹತ್ತಿರ ನಿಂತಿದ್ದ. "ಔಷಧಿ ಮುಗೀತಾ ಡಾಕ್ಟ್ರೇ? ದುಡ್ಡು ಬೇಕಾದ್ರೆ ಹೇಳಿ, ಒಡೇರ ಹತ್ರ ಕೇಳ್ತೆ" ಅಂದ. ಮುಗಿದಿಲ್ಲ, ಆದರೆ ಈ ಹಾವಿಗೆ ಈ ಔಷಧಿ ಹತ್ತುವುದಿಲ್ಲ ಅಂದೆ. "ಮತ್ತೆ ನಿನ್ನೆ ಯಾಕೆ ಕೊಟ್ರಿ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಯಾವ ಹಾವು ಅಂತ ನಾನು ಸರಿಯಾಗಿ ನೋಡಿರಲಿಲ್ಲ ಅಂತ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಸುಲಭ ಆಗುತ್ತಿತ್ತೇನೋ.

ಘಟ್ಟ ಇಳಿದು

ಅಲ್ಲಿಂದ ಮುಂದೆ ನಾವು ನೋಡಿದ್ದು ಮೂತ್ರದ ಚೀಲವನ್ನು. ಬಂದಾಗಿನಿಂದ ತುಂಬಿದ್ದು ಇನ್ನೂರು ಮಿಲಿಲೀಟರ್ ಕೂಡ ಇರಲಿಲ್ಲ, ಬಣ್ಣ ಕಪ್ಪು ಚಹಾದಂತೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಬಂದಾಗ 1.1 ಇದ್ದದ್ದು ಬೆಳಿಗ್ಗೆ 2.6 ಆಗಿತ್ತು. ನಮ್ಮಲ್ಲಿ ರಕ್ತ ಹೆಪ್ಪುಗಟ್ಟಲಿ ಅಂತ ಕೊಡುವ ಪ್ಲಾಸ್ಮಾ ಇಲ್ಲ, ಕಿಡ್ನಿ ತಜ್ಞರೂ ಇಲ್ಲ. ರಕ್ತ ಹೆಪ್ಪುಗಟ್ಟದ ರೋಗಿಯನ್ನು ಮೂರು ತಾಸು ಘಟ್ಟದ ತಿರುವುಗಳಲ್ಲಿ ಕಳಿಸುವುದೋ, ಇಟ್ಟುಕೊಂಡು ಕಾಯುವುದೋ? ಊತ ಜಾಸ್ತಿ ಆಗುವ ಮೊದಲೇ ಕಳಿಸುವುದು ಅಂತ ಆಯಿತು. 108ರಲ್ಲಿ ಸಿಸ್ಟರ್ ಜೊತೆಗೆ ಹೋದರು. ಬಾಟಲಿಯನ್ನೂ ಕಳಿಸಿದೆ. ರೆಫರಲ್ ಚೀಟಿಯಲ್ಲಿ ಹಾವಿನ ಹೆಸರು, ಕಚ್ಚಿದ ಜಾಗ, ಕೊಟ್ಟ ಇಪ್ಪತ್ತು ವಯಲ್ಲಿನ ಲೆಕ್ಕ ಎಲ್ಲ ಬರೆದೆ. "ಮತ್ತೆ ಪ್ರತಿವಿಷ ಕೊಡುವ ಮೊದಲು ದಯವಿಟ್ಟು ಹಾವನ್ನು ನೋಡಿ" ಅಂತ ಕೊನೆಗೆ ಸೇರಿಸಿದೆ. ಆ ಒಂದು ಸಾಲು ಕೆಲಸಕ್ಕೆ ಬಂತು. ಕರಾವಳಿಯ ಆ ದೊಡ್ಡ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಆಗಲೇ ಇನ್ನೊಂದು ಡೋಸ್ ಬರೆದಿದ್ದರಂತೆ. ಚೀಟಿ ಓದಿ ಹೊಡೆದು ಹಾಕಿದರು.

ಅಲ್ಲಿ ಕತ್ತಿನ ರಕ್ತನಾಳಕ್ಕೆ ಕೊಳವೆ ಹಾಕುವ ಮೊದಲು ಪ್ಲಾಸ್ಮಾ ಕೊಟ್ಟರು. ನಾಲ್ಕು ಸಲ ಡಯಾಲಿಸಿಸ್ ಆಯಿತು. ಆರನೇ ದಿನ ರಕ್ತ ತಾನಾಗಿ ಹೆಪ್ಪುಗಟ್ಟಿತು. ಹತ್ತನೇ ದಿನದಿಂದ ಮೂತ್ರ ಚೆನ್ನಾಗಿ ಬಂತು, ಹತ್ತೊಂಬತ್ತನೇ ದಿನ ಮನೆಗೆ ಬಂದರು. ಬೆರಳ ತುದಿಯ ಚರ್ಮ ಕಪ್ಪಾಗಿ ಉದುರಿತ್ತು. ಮೂರು ತಿಂಗಳ ಮೇಲೆ ನಮ್ಮಲ್ಲಿ ಪರೀಕ್ಷೆ ಮಾಡಿದಾಗ ಕ್ರಿಯಾಟಿನಿನ್ 1.2. ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಕಲ್ಲಿಯ ಹಗ್ಗ ಬಿಗಿಯಲು ಈಗ ಎಡಗೈ ಅಭ್ಯಾಸ ಮಾಡಿಕೊಂಡಿದ್ದಾರೆ.

ಬೆಟ್ಟಕ್ಕೆ ಹೋದದ್ದು

ಒಂದು ಭಾನುವಾರ ಸಿಸ್ಟರ್, ಅವರ ಅಣ್ಣ, ನಾನು ಆ ಬೆಟ್ಟಕ್ಕೆ ಹೋದೆವು. ಸುಮ್ನೆ ಕುತೂಹಲ, ಜೊತೆಗೆ ಸ್ವಲ್ಪ ಪಾಪಪ್ರಜ್ಞೆ.

ದರಕು ಅಂದರೆ ಒಂದೇ ಪದರ ಅಂದುಕೊಂಡಿದ್ದೆ. ಅಲ್ಲ. ಮೇಲೆ ಗರಿಗರಿ ಒಣಗಿದ್ದು, ಕಾಲಿಟ್ಟರೆ ಹಪ್ಪಳದ ಸದ್ದು. ಅದರ ಕೆಳಗೆ ಮೆತ್ತಗಾದದ್ದು, ಬೆಳ್ಳಗೆ ಬೂಸಲು ಹಿಡಿದದ್ದು. ಇನ್ನೂ ಕೆಳಗೆ ಕೈ ಹಾಕಿದರೆ ಜನವರಿಯಲ್ಲೂ ತಂಪು, ಒದ್ದೆ. ಅಲ್ಲಿ ಸಹಸ್ರಪದಿ, ಪುಟ್ಟ ಕಪ್ಪೆ, ಅರಣೆ. ಹಾವಿಗೆ ನೆರಳು, ತಂಪು, ಊಟ ಮೂರೂ ಒಂದೇ ಕಡೆ. ಒಂದು ಹೊನ್ನೆ ಮರದ ಬುಡದಲ್ಲಿ ಸಿಸ್ಟರ ಅಣ್ಣ ಕೋಲಿನಿಂದ ತೋರಿಸಿ "ಅಲ್ಲಿ" ಅಂದರು. ನನಗೆ ಎಲೆ ಬಿಟ್ಟು ಏನೂ ಕಾಣಲಿಲ್ಲ. ಕೋಲು ಇನ್ನೂ ಹತ್ತಿರ ಹೋದಾಗ ಎಲೆಯೊಂದು ಮೂಗು ಮೇಲೆ ಮಾಡಿತು. ಮೈ ಚಪ್ಪಟೆ ಮಾಡಿಕೊಂಡು, ತಲೆ ಓರೆಯಾಗಿ ಎತ್ತಿ, ಬಾಲ ನಡುಗಿಸಿತು. ಓಡಲಿಲ್ಲ. ನಾವೇ ಹಿಂದೆ ಸರಿದೆವು.

ಕೆಲಸದ ರೀತಿಯಲ್ಲಿ ಏನು ಬದಲಿಸಬಹುದು ಅಂತ ತೋಟದ ಯಜಮಾನರ ಹತ್ತಿರ, ಕೆಲಸದ ಹೆಂಗಸರ ಹತ್ತಿರ ಕೂತು ಮಾತಾಡಿದೆವು. ಗಂಬೂಟು ತಂದುಕೊಟ್ಟರು, ಎರಡೇ ದಿನ. ಕಾಲು ಬೆವರುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ ಅಂತ ಮೂಲೆ ಸೇರಿದವು. ದಪ್ಪ ಕೈಗವಸಿನಲ್ಲಿ ಹಗ್ಗ ಕಟ್ಟಲು ಆಗುವುದಿಲ್ಲ. ಹತ್ತಿದ್ದು ಹೆಂಗಸರೇ ಹೇಳಿದ ಉಪಾಯ. ದರಕನ್ನು ಕೈಯಲ್ಲಿ ಬಾಚುವ ಬದಲು ಉದ್ದ ಹಿಡಿಯ ಕೊಕ್ಕೆಯಿಂದ ಎಳೆದು ರಾಶಿ ಮಾಡಿ, ರಾಶಿಯನ್ನು ಒಂದು ಸಲ ಬಿಡಿಸಿ ಹರಡಿ, ಆಮೇಲೆ ಕಲ್ಲಿಗೆ ಕಾಲಿನಿಂದಲ್ಲ, ಕೋಲಿನಿಂದ ಒತ್ತುವುದು. ಕೊಟ್ಟಿಗೆ ಮುಂದೆ ಕಲ್ಲಿ ಬಿಚ್ಚಿದ ಮೇಲೆ ಕೋಲಿನಿಂದ ಒಮ್ಮೆ ಕೆದರಿ, ಆಮೇಲೆ ಹಾಸುವುದು. ದಿನಕ್ಕೆ ಒಂದು ಹೊರೆ ಕಡಿಮೆ ಆಗುತ್ತದೆ. ಯಜಮಾನರು ಮೊದಲು ಮುಖ ಸಣ್ಣ ಮಾಡಿದರು, ಆಮೇಲೆ ಒಪ್ಪಿದರು.

ಹಾವುಗಳನ್ನು ಬೆಟ್ಟದಿಂದ ಹಿಡಿಸಿ ಬೇರೆಡೆ ಬಿಡಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ದರಕು ಇರುವ ತನಕ ಅದು ಇರುತ್ತದೆ, ದರಕು ಇಲ್ಲದೆ ಅಡಿಕೆ ಇಲ್ಲ.

ಆಸ್ಪತ್ರೆಯಲ್ಲೂ ಒಂದು ಬದಲಾವಣೆ ಆಯಿತು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಆದರೆ ನಮ್ಮ ಸಿಸ್ಟರ್ ಅದಕ್ಕೂ ಮುಂಚೆಯೇ ನಮ್ಮ ಕೇಸ್ ಶೀಟಿಗೆ ಪೆನ್ನಿನಲ್ಲಿ ಎರಡು ಸಾಲು ಸೇರಿಸಿದ್ದರು. "ಮೈಯ ಯಾವ ಭಾಗ?" ಅಂತ ಒಂದು, "ಯಾವ ಜಾಗ, ಏನು ಮಾಡುತ್ತಿದ್ದಾಗ?" ಅಂತ ಇನ್ನೊಂದು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಬಂದ. ಕಾಲಿನ ಹೆಬ್ಬೆರಳಿಗೆ ಕಚ್ಚಿತ್ತು. ಸಂಜೆ ಹೊತ್ತು, ಗೊಬ್ಬರಗುಂಡಿಯ ಪಕ್ಕ, ಹಳೇ ದರಕಿನ ರಾಶಿ ಹತ್ತಿರ. ಅವನ ಅಕ್ಕ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ತಲೆ ಸ್ಪಷ್ಟವಾಗಿ ಕಾಣುತ್ತಿತ್ತು, ಮೂಗು ಸಮೇತ. ಮೊದಲ ಟ್ಯೂಬ್ ಹೆಪ್ಪುಗಟ್ಟಿತು. ಒಂದು ವಯಲ್ಲನ್ನೂ ಒಡೆಯಲಿಲ್ಲ. ಮತ್ತೆ ಮತ್ತೆ ಟ್ಯೂಬ್ ಇಟ್ಟೆವು, ಮೂತ್ರದ ಅಳತೆ ಬರೆದೆವು. ಎರಡು ರಾತ್ರಿ ಹುಡುಗ ನೋವಿಗೆ ನರಳಿದ, ಮೂರನೇ ದಿನ ಇಡ್ಲಿ ಬೇಕು ಅಂದ. ಇನ್ನೊಂದು ವಾರ ಮೂತ್ರದ ಬಣ್ಣ ನೋಡಿಕೊಳ್ಳಿ ಅಂತ ಅವನ ಅಕ್ಕನಿಗೆ ಹೇಳಿ ಮನೆಗೆ ಕಳಿಸಿದೆವು.